ಗಾಳದ ಕೋಲಿನ ಲೆಕ್ಕ

1979ರಲ್ಲಿ, ಹಗರಿಬೊಮ್ಮನಹಳ್ಳಿ ಸೀಮೆಯ ತುಂಗಭದ್ರಾ ಹಿನ್ನೀರಿನ ದಂಡೆಯಲ್ಲಿ, ಶಾಲೆ ತಪ್ಪಿಸಿ ಮೀನು ಹಿಡಿಯುತ್ತಿದ್ದ ನನ್ನ ವಿದ್ಯಾರ್ಥಿಯೊಬ್ಬನ ಬಿದಿರ ಕೋಲನ್ನು ಮೊಣಕಾಲಿಗೆ ಕೊಟ್ಟು ಮುರಿದೆ. ಮುರಿಯುವ ಮುನ್ನ, ಅದರ ತುದಿಯನ್ನು ಅಷ್ಟೇಕೆ ಹೆರೆದಿರುವೆಯೆಂದು ಕೇಳಿದ್ದೆ. “ತುದಿ ಬಳಕಬೇಕ್ರೀ ಸರ್. ಬಳಕಲಿಲ್ಲಂದ್ರ ಮೀನು ದಾರಾನ ಹರಕೊಂಡು ಹೋಗ್ತೈತಿ” ಎಂದ. ಉದ್ಧಟತನವೆಂದು ತಿಳಿದೆ. ಆತ ಹೇಳಿದ್ದು ಒಂದು ಶಾಸ್ತ್ರವೆಂದು ನನಗೆ ತಿಳಿಯಲು ನಿವೃತ್ತಿಯ ಬಿಡುವು ಬೇಕಾಯಿತು.

ಗಣಿತದವನೇ ಸಮಾಜ ವಿಜ್ಞಾನವನ್ನೂ ಹೇಳುತ್ತಿದ್ದ ಕಾಲವದು. ಕಲ್ಯಾಣದ ಚಾಲುಕ್ಯ ದೊರೆ ಒಂದನೆಯ ಸೋಮೇಶ್ವರನು 1068ರಲ್ಲಿ ನಮ್ಮ ಕುರುವತ್ತಿಯ ಬಳಿ ತುಂಗಭದ್ರೆಯಲ್ಲಿ ಜಲಸಮಾಧಿಯಾದುದನ್ನು ವರ್ಷವರ್ಷವೂ ಬೋಧಿಸುತ್ತಿದ್ದೆ. ಆತನ ಮೊಮ್ಮಗ ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ವೆಂಬ ನೂರು ಅಧ್ಯಾಯಗಳ ಸಂಸ್ಕೃತ ಗ್ರಂಥವನ್ನು ರಚಿಸಿದನೆಂದೂ ಹೇಳುತ್ತಿದ್ದೆ. ಅದರಲ್ಲಿ ‘ಮತ್ಸ್ಯವಿನೋದ’ವೆಂಬ ಭಾಗವಿದ್ದು, ಮೀನುಗಳ ಬಗೆ, ಅವುಗಳ ಆಹಾರ, ಗಾಳ ಹಾಕಿ ಹಿಡಿಯುವ ಕ್ರಮಗಳನ್ನು ಆ ಅರಸು ಸಾವಧಾನವಾಗಿ ವಿವರಿಸಿರುವನೆಂಬುದು ಮಾತ್ರ ನನಗೆ ತಿಳಿದಿರಲಿಲ್ಲ. ತಿಳಿದಿದ್ದರೆ ಆ ಕೋಲು ಉಳಿಯುತ್ತಿತ್ತೋ ಏನೋ!

ನಮ್ಮ ತಾಲ್ಲೂಕುಗಳು ಮದರಾಸು ಆಧಿಪತ್ಯಕ್ಕೆ ಸೇರಿದ್ದಾಗ, ಅದೇ ಆಡಳಿತದ ಅಧಿಕಾರಿ ಹೆನ್ರಿ ಸಲಿವನ್ ಥಾಮಸ್ ಎಂಬಾತನು ‘ದಿ ರಾಡ್ ಇನ್ ಇಂಡಿಯಾ’ ಎಂಬ ಪುಸ್ತಕವನ್ನು 1873ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದ. ಆ ಕಾಲಕ್ಕೆ ಭಾರತದ ಬಿದಿರೂ ಹಡಗೇರಿ ಹೋಗುತ್ತಿತ್ತು. ‘ಕಲ್ಕತ್ತಾ ಬಿದಿರು’ ಎಂದು ಅದಕ್ಕೆ ಹೆಸರು. ಅಮೆರಿಕದ ಕುಶಲಕರ್ಮಿಗಳು ಅದನ್ನು ಸೀಳಿ, ಆರು ತ್ರಿಕೋನ ದಬ್ಬೆಗಳನ್ನು ಅಂಟಿಸಿ ಷಟ್ಕೋನದ ಕೋಲು ಮಾಡಿದರು. ಬಿದಿರಿನ ಬಲವೆಲ್ಲ ಹೊರಮೈಯ ನಾರಿನಲ್ಲಿದೆ. ಒಳಗಿನ ಮೆದುಭಾಗವನ್ನು ತೆಗೆದು ಆ ನಾರನ್ನೇ ಸುತ್ತಲೂ ನಿಲ್ಲಿಸುವುದು ಇದರ ಗುಟ್ಟು. ಮೊರ, ಬುಟ್ಟಿ ಹೆಣೆಯುವ ನಮ್ಮ ಮೇದಾರರಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಚೀನಾದ ಟಾಂಕಿನ್ ಬಿದಿರು ಬಂದು ಕಲ್ಕತ್ತಾ ಬಿದಿರನ್ನು ಮೂಲೆಗೊತ್ತಿತು. 1950ರಲ್ಲಿ ಅಮೆರಿಕವು ಚೀನಾದೊಡನೆ ವ್ಯಾಪಾರ ನಿಷೇಧಿಸಿದಾಗ ಅದೂ ನಿಂತು, ಗಾಜಿನ ನಾರಿನ ಕೋಲುಗಳು ಮಾರುಕಟ್ಟೆ ತುಂಬಿದವು.

ಆದರೆ ಕೋಲು ಬುಡದಿಂದ ತುದಿಗೆ ಎಷ್ಟೆಷ್ಟು ಸಣ್ಣದಾಗಬೇಕು? ಎವರೆಟ್ ಗ್ಯಾರಿಸನ್ ಎಂಬ ಎಂಜಿನಿಯರ್, ಸೇತುವೆಯ ತೊಲೆಗೆ ಹಾಕುವ ಲೆಕ್ಕವನ್ನೇ ಇದಕ್ಕೆ ಹಾಕಿದ. ಐದೈದು ಅಂಗುಲಕ್ಕೊಮ್ಮೆ ನಿಂತು, ದಾರದ ಭಾರವೂ ಕೋಲಿನ ಸ್ವಂತ ಭಾರವೂ ಅಲ್ಲಿ ಎಷ್ಟು ಬಾಗಿಸುವುವೆಂದು ನೋಡಿ, ಅದಕ್ಕೆ ತಕ್ಕ ದಪ್ಪವನ್ನು ಗೊತ್ತುಮಾಡಿದ. ಅದೇ ಬಾಗುಬಲಕ್ಕೆ ದಪ್ಪ ಅರ್ಧವಾದರೆ ನಾರಿನ ಮೇಲಿನ ಒತ್ತಡ ಎಂಟು ಪಟ್ಟಾಗುತ್ತದೆ. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಕೋಲಿನ ಗುಣ ಬೇರೆ. ಹೋಗಿ ಕಾರ್ಮೈಕಲ್ ಸಿದ್ಧಪಡಿಸಿದ ಗ್ಯಾರಿಸನ್ನನ ಗ್ರಂಥ 1977ರಲ್ಲಿ ಹೊರಬಂತು. ನಾನು ಕೋಲು ಮುರಿದದ್ದು ಅದಾದ ಎರಡೇ ವರ್ಷಕ್ಕೆ!

ರಾತ್ರಿಯೆಲ್ಲ ಕೈಯಲ್ಲಿ ಗುಣಿಸಬೇಕಾಗಿದ್ದ ಈ ಲೆಕ್ಕವನ್ನು ವೇಯ್ನ್ ಕ್ಯಾಟನಾಕ್ ಎಂಬವರು ‘ಹೆಕ್ಸ್‌ರಾಡ್’ ಎಂಬ ಕಂಪ್ಯೂಟರ್ ಕಾರ್ಯಕ್ರಮಕ್ಕೆ ಇಳಿಸಿದರು. ಮುಂದೆ ಫ್ರಾಂಕ್ ಸ್ಟೆಟ್ಜರ್ ಅದನ್ನು ಅಂತರಜಾಲಕ್ಕೆ ತಂದರು. ಕೋಲಿನ ಉದ್ದ, ದಾರದ ತೂಕ ಬದಲಿಸಿದರೆ ಅಳತೆಗಳೆಲ್ಲ ತಾವಾಗಿ ಬದಲಾಗುತ್ತವೆ. ಹಳೆಯ ಕುಶಲಿಗಳ ಕೋಲುಗಳನ್ನು ಅಳೆದು ಅಂಕಿಗಳಲ್ಲಿ ಬರೆದಿಟ್ಟಿದ್ದರಿಂದಲೇ, ಅವರು ಕಾಲವಾದ ಮೇಲೂ ಅಂತಹುದೇ ಕೋಲನ್ನು ಮತ್ತೆ ಮಾಡಲು ಸಾಧ್ಯವಾಗಿದೆ. ಆ ಹುಡುಗನ ಕೋಲನ್ನು ಯಾರೂ ಅಳೆಯಲಿಲ್ಲ. ಅಳೆಯಬಲ್ಲ ಒಬ್ಬನೇ ಒಬ್ಬ ಅಲ್ಲಿದ್ದ, ಅವನು ಮುರಿದ.

ಕಳೆದ ತಿಂಗಳು ಕೊಟ್ಟೂರಿನಲ್ಲಿ ಒಂದು ಗಳ ಕೊಂಡು ತಂದೆ. ಟೊಳ್ಳಿಲ್ಲದ ಗಟ್ಟಿಬಿದಿರು. ಗೆಣ್ಣುಗಳನ್ನು ನಯಗೊಳಿಸಿ, ವರ್ನಿಯರ್ ಹಿಡಿದು ಐದೈದು ಅಂಗುಲಕ್ಕೆ ಅಳೆದು ಟಿಪ್ಪಣಿ ಪುಸ್ತಕದಲ್ಲಿ ಬರೆದಿದ್ದೇನೆ. ತುದಿಯನ್ನು ಎಷ್ಟು ಹೆರೆಯಬೇಕೆಂಬಲ್ಲಿ ಮಾತ್ರ ಕೈ ನಿಂತಿದೆ. ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ ಎಲ್ಲಿಯೇ ಇರು, ಮಗನೇ, ಇದು ನಿನ್ನ ಕಣ್ಣಿಗೆ ಬಿದ್ದರೆ ಒಮ್ಮೆ ಮನೆಗೆ ಬಾ. ಗಳ ಪಡಸಾಲೆಯ ಮೂಲೆಯಲ್ಲಿದೆ, ಕುಡುಗೋಲನ್ನೂ ಮಸೆದಿಟ್ಟಿದ್ದೇನೆ.