ತಂಗಡಗಿಯ ನೀಲಾಂಬಿಕೆ: ಅಗಲಿಕೆಯ ನೋವಿಗೆ ಶರಣರ ಚರಿತ್ರೆ

ಮನೆಯಲ್ಲಿ ಸಾವು ಸಂಭವಿಸಿದ ಮೇಲೆ ಮಠಕ್ಕೆ ಬರುವ ಭಕ್ತರಿಗೆ ನಾವು ಬಹುಕಾಲದಿಂದ ನೀಲಾಂಬಿಕೆ ತಾಯಿಯ ಚರಿತ್ರೆಯನ್ನು ಹೇಳುತ್ತ ಬಂದಿದ್ದೇವೆ.

12ನೆಯ ಶತಮಾನದ ಕಲ್ಯಾಣದಲ್ಲಿ ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ವಿವಾಹವಾಯಿತು. ಅದನ್ನು ಸಹಿಸದವರ ಒತ್ತಾಯಕ್ಕೆ ಮಣಿದ ಬಿಜ್ಜಳನು ಆ ಇಬ್ಬರು ತಂದೆಯರಿಗೆ ಎಳೆಹೂಟೆಯ ಶಿಕ್ಷೆ ವಿಧಿಸಿದನು. ಶರಣರು ದಿಕ್ಕು ದಿಕ್ಕಿಗೆ ಚದುರಿದರು. ಅಷ್ಟರಲ್ಲಿ ಕಲ್ಯಾಣವನ್ನು ತೊರೆದು ಕೂಡಲಸಂಗಮಕ್ಕೆ ಬಂದಿದ್ದ ಬಸವಣ್ಣನವರು ನೀಲಾಂಬಿಕೆಯನ್ನು ಕರೆತರಲು ಹಡಪದ ಅಪ್ಪಣ್ಣನವರನ್ನು ಕಳುಹಿಸಿದರೆಂಬುದು ಪರಂಪರೆಯ ನಂಬಿಕೆ. ತಾಯಿ ಕೃಷ್ಣೆಯ ಆಚೆ ದಡದ ತಂಗಡಗಿಯನ್ನು ಮುಟ್ಟುವ ಹೊತ್ತಿಗೆ ಬಸವಣ್ಣನವರು ಲಿಂಗೈಕ್ಯರಾದ ಸುದ್ದಿ ಬಂದಿತು. ನದಿಯನ್ನು ದಾಟದೆ, ಅಂಗೈಯ ಇಷ್ಟಲಿಂಗದಲ್ಲಿಯೇ ಸಂಗಯ್ಯನನ್ನು ಕಂಡು ಅಲ್ಲಿಯೇ ಐಕ್ಯರಾದರು.

ಈ ಕಥೆಯನ್ನು ಹೇಳುವವರು ಸುದ್ದಿಯಿಂದ ಐಕ್ಯಕ್ಕೆ ಬೇಗನೆ ಸಾಗಿಬಿಡುತ್ತಾರೆ. ನಡುವಿನ ಆ ದಡದ ಮೇಲೆ ತುಸು ನಿಲ್ಲಬೇಕೆಂಬುದು ನಮ್ಮ ಅಭಿಪ್ರಾಯ. ನೀಲಾಂಬಿಕೆಯ ವಚನಗಳಲ್ಲಿ ಬಸವಣ್ಣನವರಿಲ್ಲದ ಬರಿದುತನವನ್ನು ಕುರಿತವು ಹಲವಿವೆ. ದುಃಖವನ್ನು ಆಡಿ ತೋರಿಸಲು ಅವರು ಸಂಕೋಚಪಡಲಿಲ್ಲ. 'ಲಿಂಗೈಕ್ಯರಾದರು, ಅಳಬಾರದು' ಎಂದು ಹಿರಿಯರು ಗದರುವುದನ್ನು ನಾವು ಕೇಳಿದ್ದೇವೆ. ಅಳುವವರ ಬಾಯಿ ಮುಚ್ಚಿಸುವುದಕ್ಕಾಗಿ ಶರಣರು ಆ ಮಾತನ್ನು ಕೊಡಲಿಲ್ಲ. ನಮ್ಮ ಧರ್ಮದಲ್ಲಿ ಮರಣಕ್ಕೆ ಸೂತಕವಿಲ್ಲ. ದುಃಖದ ಮನೆಗೆ ಅಂದೇ ಹೋಗಬಹುದು, ಕೂಡಿ ಕುಳಿತು ಪೂಜೆ ಮಾಡಬಹುದು, ಪ್ರಸಾದ ಸ್ವೀಕರಿಸಬಹುದು. ಒಂಟಿಯಾದವರನ್ನು ಮತ್ತಷ್ಟು ಒಂಟಿ ಮಾಡದಿರುವ ಈ ಆಚಾರವೇ ದೊಡ್ಡ ಸಾಂತ್ವನ.

ಒಮ್ಮೆ ಹುನಗುಂದದ ಕಡೆಯ ತಾಯಿಯೊಬ್ಬರು ಈ ಕಥೆಯನ್ನು ಕೇಳಿ, 'ನೀಲಮ್ಮತಾಯಿ ಐಕ್ಯ ಆದ್ರು ಅಪ್ಪಾರ. ನನಗ ಎರಡು ಕೂಸು ಅದಾವ, ನಾ ಎಲ್ಲಿ ಹೋಗ್ಲಿ?' ಎಂದರು. ನಮ್ಮಲ್ಲಿ ಉತ್ತರವಿರಲಿಲ್ಲ. ಅಂದಿನಿಂದ ಈ ಚರಿತ್ರೆಯ ಜೊತೆಗೆ ಅಕ್ಕನಾಗಮ್ಮನವರದನ್ನೂ ಹೇಳುತ್ತೇವೆ. ತಮ್ಮನನ್ನು ಕಳೆದುಕೊಂಡ ಆ ತಾಯಿ, ಮಗ ಚನ್ನಬಸವಣ್ಣನವರೊಡನೆ ವಚನದ ಕಟ್ಟುಗಳನ್ನು ಕಾಪಾಡುತ್ತ ಉಳವಿಯ ಕಾಡಿನತ್ತ ನಡೆದರು. ಅಳಲು ತೀರಿದ ಮೇಲೆ ಹೊರಟವರಲ್ಲ, ಅಳಲನ್ನು ಹೊತ್ತುಕೊಂಡೇ ಹೊರಟವರು. ಹಾಗೆ ಉಳಿದು ಬಂದ ತಾಡೋಲೆಗಳ ಪರಂಪರೆಯನ್ನೇ ಫ. ಗು. ಹಳಕಟ್ಟಿಯವರು ಮನೆಮನೆ ಅಲೆದು ಅರಸಿ, 1923ರಲ್ಲಿ 'ವಚನಶಾಸ್ತ್ರಸಾರ'ವಾಗಿ ಅಚ್ಚು ಹಾಕಿಸಿದರು.

ನಾರಾಯಣಪುರ ಜಲಾಶಯದ ಹಿನ್ನೀರು ಏರಿದಾಗ ಸಂಗಮದ ಐಕ್ಯಸ್ಥಳದ ಸುತ್ತ ಬಾವಿಯಂತೆ ಎತ್ತರದ ಗೋಡೆ ಕಟ್ಟಿ ಅದನ್ನು ಉಳಿಸಿಕೊಳ್ಳಲಾಯಿತು. ಇಂದು ಸುತ್ತಲೂ ನೀರು, ನಡುವೆ ಮೆಟ್ಟಿಲಿಳಿದು ದರ್ಶನ. ಆಲಮಟ್ಟಿಯ ಹಿನ್ನೀರಿಗೆ ಹುಟ್ಟಿದ ಮನೆಯನ್ನು ಬಿಟ್ಟುಕೊಟ್ಟು ನವನಗರ ಸೇರಿದ ಬಾಗಲಕೋಟೆಯ ಹಿರಿಯರಿಗೆ ಆ ಮೆಟ್ಟಿಲುಗಳ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬಾದಾಮಿ, ಇಳಕಲ್ಲುಗಳಿಂದ ಸಂಗಮಕ್ಕೆ ಬರುವ ಭಕ್ತರು ಬಹುತೇಕ ಅಲ್ಲಿಂದಲೇ ಹಿಂದಿರುಗುತ್ತಾರೆ. ಅಗಲಿಕೆಯ ದುಃಖದಲ್ಲಿರುವವರು ತಂಗಡಗಿಗೂ ಹೋಗಿ, ತಾಯಿಯ ಐಕ್ಯಸ್ಥಳದಲ್ಲಿ ಸ್ವಲ್ಪ ಹೊತ್ತು ಕುಳಿತು ಬರಬೇಕೆಂದು ನಾವು ಕೋರುತ್ತೇವೆ.