ಕೋಟಿ ಬೆಲೆಯ ಹೋರಿಯ ಕರುವೂ ಕೋಟಿ ಬಾಳುತ್ತದೆಯೇ?

ದೀಪಾವಳಿ ಹತ್ತಿರ ಬಂದರೆ ಯಲವಿಗಿ, ಸವಣೂರು, ಹಾನಗಲ್ಲ ಕಡೆಯ ವಾಟ್ಸಾಪ್ ಗ್ರೂಪುಗಳಲ್ಲಿ ಹೋರಿಗಳದ್ದೇ ಕಾರುಬಾರು. ಕೊಬ್ಬರಿ ಹಾರ ಹಾಕಿಕೊಂಡು ಓಡುವ ಹೋರಿಗಳ ವಿಡಿಯೊ ಜೊತೆಗೆ 'ಲಕ್ಷದ ಹೋರಿ', 'ಕೋಟಿಯ ಹೋರಿ' ಎಂಬ ಫಾರ್ವರ್ಡ್‌ಗಳೂ ಬರುತ್ತವೆ. 2021ರ ನವೆಂಬರ್‌ನಲ್ಲಿ ಬೆಂಗಳೂರಿನ ಕೃಷಿ ಮೇಳಕ್ಕೆ ಬಂದಿದ್ದ 'ಕೃಷ್ಣ' ಎಂಬ ಹಳ್ಳಿಕಾರ್ ಹೋರಿಯ ಬೆಲೆ 1 ಕೋಟಿ ರೂಪಾಯಿ, ಅದರ ವೀರ್ಯದ ಒಂದು ಡೋಸ್‌ಗೆ 1,000 ರೂಪಾಯಿ ಎಂಬ ಸುದ್ದಿ ನಿಮಗೂ ಬಂದಿರಬಹುದು. ಇಂಥ ಹೋರಿಯಿಂದ ಗಬ್ಬ ಕಟ್ಟಿಸಿದರೆ ಕರುವೂ ಹಾಗೇ ಬೆಳೆಯುತ್ತದೆಯೇ?

ಬೆಲೆ ನೋಡಿ ಹೇಳಲಾಗದು. ಮೈಕಟ್ಟು ನೋಡಿಯೂ ಪೂರ್ತಿ ಹೇಳಲಾಗದು. ದಿನಾ ಹಿಂಡಿ, ಹುರುಳಿ, ಬೆಲ್ಲ ತಿಂದು ಬೆಳೆದ ಹೋರಿಯಲ್ಲಿ ನಮಗೆ ಕಾಣುವುದು ವಂಶಗುಣವೋ ಮಾಲೀಕನ ಆರೈಕೆಯೋ? ಕರುವಿಗೆ ಹೋಗುವುದು ವಂಶಗುಣ ಮಾತ್ರ.

ಇವೆರಡನ್ನು ಬೇರೆ ಮಾಡಲೆಂದೇ ಒಂದು ಪರೀಕ್ಷೆ ಇದೆ. ಇದು ಬೆಳೆದದ್ದು ಅಮೆರಿಕದಂಥ ದೇಶಗಳಲ್ಲಿ, ಮಾಂಸದ ತಳಿಗಳಿಗಾಗಿ. ಕರ್ನಾಟಕದಲ್ಲಿ 2020ರ ಕಾಯ್ದೆಯಂತೆ ಜಾನುವಾರು ಹತ್ಯೆ ನಿಷೇಧವಿದೆ, ಹಾಗಾಗಿ ಆ ಉದ್ದೇಶ ಇಲ್ಲಿಲ್ಲ. ಆದರೆ ಉಳುಮೆಯ ತಳಿಯ ಹೋರಿ ಸಾಕುವವರಿಗೂ ಬೆಳವಣಿಗೆ ಮತ್ತು ಮೇವಿನ ಲೆಕ್ಕ ಬೇಕೇ ಬೇಕು.

ಹಾಲು ಬಿಟ್ಟ, ಹೆಚ್ಚುಕಡಿಮೆ ಒಂದೇ ವಯಸ್ಸಿನ ಹೋರಿಗರುಗಳನ್ನು ಒಂದೇ ಕಡೆ ತಂದು, ಎಲ್ಲಕ್ಕೂ ಒಂದೇ ಮೇವು ಹಾಕುತ್ತಾರೆ. ಮೊದಲ ಮೂರು ವಾರ ಲೆಕ್ಕಕ್ಕಿಲ್ಲ, ಅದು ಹೊಸ ಜಾಗ, ಹೊಸ ಮೇವಿಗೆ ಹೊಂದಿಕೊಳ್ಳುವ ಕಾಲ. ನಂತರ 70ರಿಂದ 140 ದಿನ ತೂಕ ನೋಡುತ್ತಾರೆ. ಹೊಟ್ಟೆ ತುಂಬ ನೀರು ಕುಡಿದ ಹೋರಿ ಆ ಕ್ಷಣಕ್ಕೆ ಹತ್ತಾರು ಕಿಲೋ ಹೆಚ್ಚು ತೂಗಬಹುದು. ಅದಕ್ಕೇ ಶುರುವಿನಲ್ಲೂ ಕೊನೆಯಲ್ಲೂ ಸತತ ಎರಡು ದಿನ ತೂಗಿ ಸರಾಸರಿ ತೆಗೆಯುವುದು ರೂಢಿ. ಮೇವಿನ ಲೆಕ್ಕವೂ ಬೇಕೆಂದರೆ ಪ್ರತಿ ಹೋರಿ ತಿಂದದ್ದನ್ನು ಬೇರೆಬೇರೆಯಾಗಿ ಅಳೆಯಬೇಕು. ಖರ್ಚಿನ ಕೆಲಸ ಇದೇ.

ಒಂದು ಕಾಲ್ಪನಿಕ ಲೆಕ್ಕ ನೋಡಿ. ಮೊದಲ ಹೋರಿ 112 ದಿನಗಳಲ್ಲಿ 180 ಕಿಲೋದಿಂದ 264ಕ್ಕೆ, ಎರಡನೆಯದು 150ರಿಂದ 234ಕ್ಕೆ ಬಂತು. ಎರಡೂ ಗಳಿಸಿದ್ದು 84 ಕಿಲೋ, ಅಂದರೆ ದಿನಕ್ಕೆ 750 ಗ್ರಾಂ. ಸಂತೆಯಲ್ಲಿ ಎಲ್ಲರ ಕಣ್ಣು ಮೊದಲನೆಯದರ ಮೇಲೆ. ಆದರೆ ಅದು 616 ಕಿಲೋ ಒಣಮೇವು ತಿಂದಿದೆ, ಎರಡನೆಯದು 504 ಕಿಲೋ. ಒಂದು ಕಿಲೋ ತೂಕಕ್ಕೆ ಒಂದು 7.3 ಕಿಲೋ ತಿಂದರೆ, ಇನ್ನೊಂದಕ್ಕೆ 6 ಸಾಕಾಯಿತು.

ಹಾಗಾದರೆ ಎರಡನೆಯದೇ ಗೆದ್ದಿತೇ? ತಡೆಯಿರಿ. ದೊಡ್ಡ ದೇಹಕ್ಕೆ ಬದುಕಿರಲಿಕ್ಕೇ ಹೆಚ್ಚು ಮೇವು ಬೇಕು. ಈ ತೊಡಕು ಬಿಡಿಸಲು 1963ರಲ್ಲಿ ಕೋಚ್ ಮತ್ತು ಸಂಗಡಿಗರು ಬೇರೆ ದಾರಿ ತೋರಿಸಿದರು: ಇಷ್ಟು ತೂಕದ, ಇಷ್ಟು ಬೆಳೆದ ಪ್ರಾಣಿ ಎಷ್ಟು ತಿನ್ನಬೇಕಿತ್ತು ಎಂದು ಮೊದಲು ಲೆಕ್ಕ ಹಾಕಿ, ನಿಜವಾಗಿ ತಿಂದದ್ದರಿಂದ ಅದನ್ನು ಕಳೆಯುವುದು. ಉತ್ತರ ಸೊನ್ನೆಗಿಂತ ಕೆಳಗಿದ್ದರೆ ಹೋರಿ ಮಿತವ್ಯಯಿ.

ಇಷ್ಟೆಲ್ಲ ಗೆದ್ದ ಹೋರಿಯ ಕರುವಿಗೆ ಸಿಗುವುದೆಷ್ಟು? ಬೆಳವಣಿಗೆಯ ವ್ಯತ್ಯಾಸದಲ್ಲಿ ವಂಶಗುಣದ ಪಾಲು ಸುಮಾರು ಮೂರರಲ್ಲಿ ಒಂದು. ಅದರಲ್ಲೂ ಅಪ್ಪ ಕೊಡುವುದು ಅರ್ಧ. ಹೋರಿಯೊಂದು ಜೊತೆಯವುಗಳಿಗಿಂತ ದಿನಕ್ಕೆ 90 ಗ್ರಾಂ ಹೆಚ್ಚು ಬೆಳೆದಿದ್ದರೆ, ಅದರ ಕರುಗಳಿಂದ ಸರಾಸರಿ 15 ಗ್ರಾಂ ಹೆಚ್ಚು ನಿರೀಕ್ಷಿಸಬಹುದು, ಅಷ್ಟೇ. ತಲೆಮಾರುಗಟ್ಟಲೆ ಆಯ್ಕೆ ಮಾಡುತ್ತ ಹೋದರೆ ಇದೂ ದೊಡ್ಡದೇ. ಒಂದೇ ಡೋಸ್‌ನಲ್ಲಿ ಪವಾಡ ಆಗುವುದಿಲ್ಲ.

ಹಾಲಿನ ಪ್ರಶ್ನೆಯೇ ಬೇರೆ. ಹೋರಿ ಹಾಲು ಕೊಡುವುದಿಲ್ಲವಲ್ಲ, ಹಾಗಾಗಿ ಅದರ ಹೆಣ್ಣುಮಕ್ಕಳ ಹಾಲು ಅಳೆದು ಅಪ್ಪನಿಗೆ ಅಂಕ ಕೊಡುತ್ತಾರೆ. ಓಟದಲ್ಲಿ ಗೆದ್ದದ್ದಕ್ಕೂ ಇದಕ್ಕೂ ಸಂಬಂಧವಿಲ್ಲ.

ನಿಮ್ಮ ಮನೆಯ ಕರುವಿನ ತೂಕ ಅಂದಾಜು ಮಾಡಲು ಟೇಪು ಸಾಕು. ಮುಂಗಾಲ ಹಿಂದೆ ಎದೆಯ ಸುತ್ತಳತೆಯನ್ನೂ, ಭುಜದ ತುದಿಯಿಂದ ಬಾಲದ ಪಕ್ಕದ ಎಲುಬಿನವರೆಗಿನ ಉದ್ದವನ್ನೂ ಇಂಚಿನಲ್ಲಿ ಅಳೆಯಿರಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿ. ಸುತ್ತಳತೆ 55, ಉದ್ದ 44 ಇದ್ದರೆ ಸುಮಾರು 200 ಕಿಲೋ. ತಿಂಗಳಿಗೊಮ್ಮೆ, ಬೆಳಿಗ್ಗೆ ಮೇವು ನೀರು ಕೊಡುವ ಮುಂಚೆ ಅಳೆದು ಬರೆದಿಡಿ.

ಹೋರಿಯನ್ನು ತಳಿಗೆ ಬಳಸುವ ಮೊದಲು ಪಶುವೈದ್ಯರಿಂದ ವೀರ್ಯ ಪರೀಕ್ಷೆ, ಬ್ರುಸೆಲ್ಲೋಸಿಸ್ ಪರೀಕ್ಷೆ ಮಾಡಿಸಿ. ತಿನ್ನಿಸಿ ತಿನ್ನಿಸಿ ಕೊಬ್ಬಿಸಿದ ಹೋರಿಯಲ್ಲಿ ವೃಷಣದ ಸುತ್ತ ಕೊಬ್ಬು ಸೇರಿ, ಅಲ್ಲಿನ ಬಿಸಿ ಏರಿ ವೀರ್ಯದ ಗುಣಮಟ್ಟವೇ ಕುಸಿಯಬಹುದು. ಫೋಟೋದಲ್ಲಿ ಅದು ಕಾಣುವುದಿಲ್ಲ.