ಹಳೆಯ ಕಾರು ಮತ್ತು ಉಸ್ತಾದನ ಕೈ

ಹಳೆಯ ಕಾರುಗಳ ಮೆರವಣಿಗೆ ನಡೆಯುವ ದಿನ ನಮ್ಮ ನಗರಗಳಿಗೆ ಜಾತ್ರೆಯ ಕಳೆ ಬರುತ್ತದೆ. ತೊಳೆದು, ಉಜ್ಜಿ, ಸಾಲಾಗಿ ನಿಲ್ಲಿಸಿದ ಮಾರಿಸ್, ಆಸ್ಟಿನ್, ಡಾಜ್, ಫಿಯೆಟ್ ಕಾರುಗಳ ಮುಂದೆ ಮಕ್ಕಳನ್ನು ನಿಲ್ಲಿಸಿ ಫೋಟೊ ತೆಗೆಯುವವರ ನೂಕುನುಗ್ಗಲು. 'ಸ್ಟೇಟ್ಸ್‌ಮನ್' ಪತ್ರಿಕೆ 1964ರಲ್ಲಿ ದಿಲ್ಲಿಯಲ್ಲಿ ಆರಂಭಿಸಿದ ರ‍್ಯಾಲಿಯ ನಂತರ ಈ ಹವ್ಯಾಸ ದೇಶದ ಹಲವು ಊರುಗಳಿಗೆ ಹಬ್ಬಿತು. ನಮ್ಮಲ್ಲೂ ಧರ್ಮಸ್ಥಳದ ಸಂಗ್ರಹವನ್ನು ನೋಡದವರು ಕಡಿಮೆ. ಶ್ರೀರಂಗಪಟ್ಟಣದ ಬಳಿ ಈಗ 'ಪಯಣ' ಎಂಬ ಕಾರು ಸಂಗ್ರಹಾಲಯವೂ ಇದೆ.

ಇಂಥ ಪ್ರದರ್ಶನಗಳಲ್ಲಿ ಕಾರಿನ ಮುಂದೆ ಒಂದು ಫಲಕ ಇಟ್ಟಿರುತ್ತಾರೆ. ಕಾರಿನ ಹೆಸರು, ತಯಾರಾದ ವರ್ಷ, ಮಾಲೀಕರ ಹೆಸರು. ಅದನ್ನು ಇಷ್ಟು ವರ್ಷ ಓಡುವಂತೆ ಇಟ್ಟವನ ಹೆಸರು ನಮಗೆ ಎಲ್ಲೂ ಕಂಡಿಲ್ಲ. ಅವನು ಬಹುಶಃ ಅಲ್ಲೇ ಇರುತ್ತಾನೆ. ಮೆರವಣಿಗೆ ಹೊರಡುವ ಹೊತ್ತಿಗೆ ಎಂಜಿನ್ ಮುನಿಸಿಕೊಂಡರೆ ಮಾಲೀಕರು ಮೊದಲು ಕೂಗುವುದು ಅವನನ್ನೇ. ಹಳೆಯ ಕಾರಿನ ಚರಿತ್ರೆ ಎಂದರೆ ಕಂಪನಿಗಳ ಮತ್ತು ಶ್ರೀಮಂತರ ಚರಿತ್ರೆ ಎಂದು ನಾವು ತಿಳಿದುಕೊಂಡಿದ್ದೇವೆ. ಅದು ದುರಸ್ತಿಯ ಚರಿತ್ರೆಯೂ ಹೌದು.

ವಿಶ್ವೇಶ್ವರಯ್ಯನವರ ಕನಸು

ಈ ಕತೆಯ ಆರಂಭದಲ್ಲಿ ಕನ್ನಡಿಗರೊಬ್ಬರಿದ್ದಾರೆ. ಮೈಸೂರಿನ ದಿವಾನಗಿರಿಯಿಂದ ನಿವೃತ್ತರಾದ ಮೇಲೆ ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ ಭಾರತದಲ್ಲೇ ಮೋಟಾರು ಕಾರ್ಖಾನೆ ಕಟ್ಟುವ ಯೋಜನೆ ಸಿದ್ಧಪಡಿಸಿದರು. ಅದಕ್ಕಾಗಿ ಯುರೋಪ್, ಅಮೆರಿಕಗಳ ಕಾರ್ಖಾನೆಗಳನ್ನು ಸ್ವತಃ ನೋಡಿಬಂದರು. ಮುಂಬಯಿಯ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರ ಜೊತೆಗೆ ನಿಂತರು. ಮೈಸೂರು ಸಂಸ್ಥಾನದಲ್ಲೇ ಕಾರ್ಖಾನೆ ಆಗಲಿ ಎಂಬ ಪ್ರಯತ್ನವೂ ನಡೆಯಿತು. ಆದರೆ ಬ್ರಿಟಿಷ್ ಸರಕಾರ ಅದಕ್ಕೆ ಒಲವು ತೋರಲಿಲ್ಲ. ವಾಲ್‌ಚಂದ್ ಬೆಂಗಳೂರಿಗೆ ಬಂದರು ನಿಜ, ಆದರೆ ಕಾರಿಗಾಗಿ ಅಲ್ಲ. 1940ರ ಡಿಸೆಂಬರಿನಲ್ಲಿ ಮೈಸೂರು ಸರಕಾರದೊಂದಿಗೆ ಸೇರಿ ಅವರು ಇಲ್ಲಿ ಸ್ಥಾಪಿಸಿದ್ದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ವಿಮಾನ ಕಾರ್ಖಾನೆಯನ್ನು.

ಕಾರಿನ ಕೆಲಸ ಬೇರೆ ಕಡೆ ಶುರುವಾಯಿತು. ಬಿರ್ಲಾ ಮನೆತನ 1942ರಲ್ಲಿ ಹಿಂದೂಸ್ತಾನ್ ಮೋಟರ್ಸ್ ಸ್ಥಾಪಿಸಿತು. ಗುಜರಾತಿನ ಓಖಾ ಬಂದರಿನಲ್ಲಿದ್ದ ಅದು ಮುಂದೆ 1948ರಲ್ಲಿ ಬಂಗಾಳದ ಉತ್ತರಪಾರಾಕ್ಕೆ ಹೋಯಿತು. ವಾಲ್‌ಚಂದ್ 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಆರಂಭಿಸಿ ಮುಂಬಯಿಯ ಕುರ್ಲಾದಲ್ಲಿ ಡಾಜ್, ಪ್ಲಿಮತ್ ಕಾರುಗಳನ್ನು ಜೋಡಿಸತೊಡಗಿದರು. ಮದ್ರಾಸಿನಲ್ಲಿ ಸ್ಟ್ಯಾಂಡರ್ಡ್ ಕಂಪನಿ ಬಂತು.

ಸ್ವಾತಂತ್ರ್ಯಾನಂತರದ ಎರಡು ನಿರ್ಧಾರಗಳು ಮುಂದಿನ ನಾಲ್ಕು ದಶಕಗಳ ದಾರಿಯನ್ನು ನಿಶ್ಚಯಿಸಿದವು. 1949ರಲ್ಲಿ ಪೂರ್ತಿ ತಯಾರಾದ ಕಾರುಗಳ ಆಮದಿಗೆ ತಡೆ ಬಿತ್ತು. 1953ರಲ್ಲಿ ಸುಂಕ ಆಯೋಗದ ಶಿಫಾರಸಿನಂತೆ, ಬಿಡಿಭಾಗಗಳನ್ನು ಇಲ್ಲಿಯೇ ತಯಾರಿಸುವ ಯೋಜನೆ ಇಲ್ಲದ ಕಂಪನಿಗಳು ಜಾಗ ಖಾಲಿ ಮಾಡಬೇಕಾಯಿತು. ಜನರಲ್ ಮೋಟರ್ಸ್ ಮತ್ತು ಫೋರ್ಡ್ ಹೊರಟುಹೋದವು. ಕಂಪನಿಗಳು ಹೋದರೂ ಅವು ಮಾರಿದ ಷೆವರ್ಲೆ, ಫೋರ್ಡ್ ಕಾರುಗಳು ಇಲ್ಲೇ ಉಳಿದವು. ಅವುಗಳ ಬಿಡಿಭಾಗ ಎಲ್ಲಿಂದ ತರುವುದು? ಈ ಪ್ರಶ್ನೆಗೆ ಉತ್ತರ ಕೊಟ್ಟದ್ದು ಸಣ್ಣ ಗ್ಯಾರೇಜುಗಳು ಮತ್ತು ಅವುಗಳ ಪಕ್ಕದ ಲೇತ್ ಅಂಗಡಿಗಳು.

ಒಂದೇ ಕಾರು, ಮೂರು ತಲೆಮಾರು

ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರು 1954ರಲ್ಲಿ ಇಲ್ಲಿ ಲ್ಯಾಂಡ್‌ಮಾಸ್ಟರ್ ಆಯಿತು. ಅದರ ಮುಂದಿನ ರೂಪ 1957-58ರ ಹೊತ್ತಿಗೆ ಅಂಬಾಸಿಡರ್ ಎಂಬ ಹೆಸರಿನಲ್ಲಿ ಬಂತು. ಇಂಗ್ಲೆಂಡಿನಲ್ಲಿ ಆ ಮಾದರಿ ಕೆಲವೇ ವರ್ಷಗಳಲ್ಲಿ ಮರೆಯಾಯಿತು. ನಮ್ಮಲ್ಲಿ 2014ರ ಮೇ ತಿಂಗಳವರೆಗೂ ತಯಾರಾಯಿತು. ಇಟಲಿಯ ಫಿಯೆಟ್ 1100 ಕುರ್ಲಾದಲ್ಲಿ 'ಡಿಲೈಟ್' ಆಗಿ, 1970ರ ದಶಕದಲ್ಲಿ 'ಪ್ರೀಮಿಯರ್ ಪದ್ಮಿನಿ'ಯಾಗಿ, ಶತಮಾನದ ಕೊನೆಯ ತನಕ ಬಾಳಿತು. ಮದ್ರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್ 1961ರಲ್ಲಿ ಬಂತು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬರುವ ತನಕ ನಮ್ಮ ರಸ್ತೆಗಳಲ್ಲಿ ಇದ್ದದ್ದು ಹೆಚ್ಚಾಗಿ ಇವೇ.

ಲೈಸೆನ್ಸ್ ರಾಜ್ಯದ ಆ ಕಾಲದಲ್ಲಿ ಕಾರು ಬುಕ್ ಮಾಡಿದವರು ವರ್ಷಗಟ್ಟಲೆ ಕಾಯಬೇಕಿತ್ತು. ಹೊಸ ಫಿಯೆಟ್‌ಗಿಂತ ಸೆಕೆಂಡ್ ಹ್ಯಾಂಡ್ ಫಿಯೆಟ್‌ಗೇ ಹೆಚ್ಚು ಬೆಲೆ ಸಿಗುತ್ತಿದ್ದ ದಿನಗಳೂ ಇದ್ದವು. ಹೀಗಾಗಿ ಕಾರು ಹಳತಾಯಿತೆಂದು ಬಿಸಾಡುವ ಮಾತೇ ಇರಲಿಲ್ಲ. ಡಾಕ್ಟರರ ಮನೆಯಿಂದ ವ್ಯಾಪಾರಿಯ ಮನೆಗೆ, ಅಲ್ಲಿಂದ ಟ್ಯಾಕ್ಸಿ ಸ್ಟ್ಯಾಂಡಿಗೆ ಅದು ಕೈ ಬದಲಾಯಿಸುತ್ತಿತ್ತು. ಕರಾವಳಿಯವರಿಗೆ ಸರ್ವಿಸ್ ಕಾರುಗಳ ನೆನಪಿರಬಹುದು. ಐದಾರು ಮಂದಿಯ ಅಂಬಾಸಿಡರಿನಲ್ಲಿ ಹತ್ತು ಹನ್ನೆರಡು ಮಂದಿ ಕುಳಿತು, ಡ್ರೈವರ್ ಅರ್ಧ ಸೀಟಿನಲ್ಲಿ ಓರೆಯಾಗಿ ಒರಗಿ, ಘಾಟಿಯ ತಿರುವುಗಳಲ್ಲಿ ಕಾರು ಏದುಸಿರು ಬಿಡುತ್ತಾ ಏರುತ್ತಿತ್ತು. ಮದುವೆಯ ದಿಬ್ಬಣ, ಹೆರಿಗೆಯ ತುರ್ತು, ಗಲ್ಫಿಗೆ ಹೊರಟವನ ಬೀಳ್ಕೊಡುಗೆ ಎಲ್ಲಕ್ಕೂ ಅದೇ ಕಾರು.

ಉಸ್ತಾದನ ಶಾಲೆ

ಇಷ್ಟು ದುಡಿದ ಕಾರು ಕೆಟ್ಟೇ ಕೆಡುತ್ತದೆ. ಅದನ್ನು ಸರಿಪಡಿಸಿದವರು ಯಾರು? ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ, ಚೆನ್ನೈಯ ಪುದುಪೇಟೆ, ಕೋಲ್ಕತಾದ ಮಲ್ಲಿಕ್ ಬಜಾರ್, ದಿಲ್ಲಿಯ ಕಾಶ್ಮೀರಿ ಗೇಟ್. ಹಳೆಯ ಕಾರಿನ ಹುಚ್ಚಿರುವವರಿಗೆ ಈ ಹೆಸರುಗಳೆಲ್ಲ ಬಾಯಿಪಾಠ. ನಮ್ಮ ಪ್ರತಿ ತಾಲೂಕು ಕೇಂದ್ರದಲ್ಲೂ ಇಂಥದೊಂದು ಗಲ್ಲಿ ಇದ್ದೇ ಇತ್ತು.

ಈ ಗಲ್ಲಿಗಳಲ್ಲಿ ದುಡಿದವರಲ್ಲಿ ಮುಸ್ಲಿಮರ ಸಂಖ್ಯೆ ದೊಡ್ಡದು. ವಾಹನಗಳ ಮಾರಾಟ ಮತ್ತು ದುರಸ್ತಿಯ ಕ್ಷೇತ್ರದಲ್ಲಿ ಮುಸ್ಲಿಂ ಕಾರ್ಮಿಕರ ಪಾಲು ಹೆಚ್ಚಾಗಿರುವುದನ್ನು 2006ರ ಸಾಚಾರ್ ಸಮಿತಿ ವರದಿಯೂ ಗುರುತಿಸಿದೆ. ಅವರ ಜೊತೆಗೆ ವಿಶ್ವಕರ್ಮರು, ತಮಿಳರು, ಮಲಯಾಳಿಗಳು ಇದ್ದರು. ಲೇತಿನವನು ಒಬ್ಬ, ಟಿಂಕರಿಂಗಿನವನು ಇನ್ನೊಬ್ಬ, ಸೀಟು ಹೊಲಿಯುವವನು ಮತ್ತೊಬ್ಬ, ಪೇಂಟರ್ ಮಗದೊಬ್ಬ. ಒಂದು ಕಾರು ಸಿದ್ಧವಾಗಬೇಕಾದರೆ ನಾಲ್ಕು ಜಾತಿ, ಎರಡು ಮೂರು ಧರ್ಮದವರ ಕೈ ತಾಗಬೇಕಿತ್ತು. ಸೌಹಾರ್ದದ ಮಾತು ಅಲ್ಲಿ ಯಾರೂ ಆಡುತ್ತಿರಲಿಲ್ಲ, ಕೆಲಸವೇ ಹಾಗಿತ್ತು.

ಇಲ್ಲಿ ಕಲಿಕೆಗೆ ಪುಸ್ತಕ ಇರಲಿಲ್ಲ. ಹುಡುಗ ಹತ್ತು ಹನ್ನೆರಡನೇ ವಯಸ್ಸಿಗೆ ಶಾಲೆ ಬಿಟ್ಟು ಬಂದು ಮೊದಲು ಚಹಾ ತರುತ್ತಾನೆ, ನಟ್ಟು-ಬೋಲ್ಟುಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತಾನೆ. ಉಸ್ತಾದ್ ಕೈ ಚಾಚಿದಾಗ ಯಾವ ನಂಬರಿನ ಪಾನಾ ಕೊಡಬೇಕೆಂದು ಕೇಳದೆಯೇ ತಿಳಿಯುವ ಹೊತ್ತಿಗೆ ವರ್ಷಗಳು ಕಳೆದಿರುತ್ತವೆ. ಎಂಜಿನಿನ ಸದ್ದು ಕೇಳಿಯೇ ಟ್ಯಾಪೆಟ್ ಸಡಿಲವಾಗಿದೆಯೋ ಬೇರಿಂಗ್ ಹೋಗಿದೆಯೋ ಹೇಳುವ ವಿದ್ಯೆ ಹೀಗೆ ಕಿವಿಯಿಂದ ಕಿವಿಗೆ ದಾಟಿತು. ಇದನ್ನು ವೈಭವೀಕರಿಸುವುದೂ ನಮಗೆ ಬೇಡ. ಶಾಲೆ ತಪ್ಪಿದ ಆ ಹುಡುಗರ ಬಾಲ್ಯಕ್ಕೆ ಬೆಲೆ ಕಟ್ಟಿದವರು ಯಾರೂ ಇಲ್ಲ. ಇಂದಿನ ಉಸ್ತಾದರು ತಮ್ಮ ಮಕ್ಕಳನ್ನು ಗ್ಯಾರೇಜಿಗೆ ಕಳುಹಿಸದೆ ಕಾಲೇಜಿಗೆ ಕಳುಹಿಸುತ್ತಿದ್ದರೆ ಅದು ಸಂತೋಷದ ವಿಷಯವೇ. ಆದರೆ ಅವರ ವಿದ್ಯೆಯನ್ನು ಮುಂದಕ್ಕೆ ಒಯ್ಯುವ ಬೇರೆ ದಾರಿಯನ್ನೂ ನಾವು ಮಾಡಿಲ್ಲ.

ಕೊಳ್ಳುವವರ ಲೆಕ್ಕ

ಹಳೆಯ ಕಾರು ಕೊಳ್ಳಬೇಕೆಂಬ ಆಸೆ ಈಗ ಮಧ್ಯಮ ವರ್ಗದ ಯುವಕರಲ್ಲೂ ಇದೆ. ಅನುಭವಿಗಳು ಅವರಿಗೆ ಹೇಳುವ ಮೊದಲ ಮಾತು, ಬಣ್ಣ ನೋಡಬೇಡಿ, ತುಕ್ಕು ನೋಡಿ. ಅಂಬಾಸಿಡರ್ ಮತ್ತು ಪದ್ಮಿನಿಗಳಿಗೆ ಲಾರಿಯಂತೆ ಪ್ರತ್ಯೇಕ ಚಾಸಿ ಇಲ್ಲ, ಬಾಡಿಯೇ ಅಸ್ಥಿಪಂಜರ. ಬಾಗಿಲ ಕೆಳಗಿನ ಅಂಚು ಮತ್ತು ನೆಲದ ತಗಡು ತುಕ್ಕು ತಿಂದಿದ್ದರೆ ಕಾರಿನ ಬೆನ್ನು ಮುರಿದಂತೆಯೇ. ಮೇಲೆ ಪುಟ್ಟಿ ತುಂಬಿ ಪೇಂಟ್ ಹೊಡೆದರೆ ಕಣ್ಣಿಗೆ ಕಾಣುವುದಿಲ್ಲ. ಅಯಸ್ಕಾಂತ ಹಿಡಿದು ನೋಡಿದರೆ ಗೊತ್ತಾಗುತ್ತದೆ, ಪುಟ್ಟಿಗೆ ಅದು ಅಂಟುವುದಿಲ್ಲ. ಎಂಜಿನ್ ಕೆಲಸಕ್ಕಿಂತ ಬಾಡಿ ಕೆಲಸವೇ ಹೆಚ್ಚು ಹಣ ನುಂಗುತ್ತದೆ.

ಎರಡನೆಯದು ಕಾಗದಪತ್ರ. ಆರ್‌ಸಿ ಪುಸ್ತಕದಲ್ಲಿರುವ ಎಂಜಿನ್ ನಂಬರ್, ಚಾಸಿ ನಂಬರ್ ಕಾರಿನ ಮೇಲಿರುವುದಕ್ಕೆ ತಾಳೆಯಾಗಬೇಕು. 1989ರ ಜುಲೈಯಲ್ಲಿ 'ಕೆಎ' ಬರುವ ಮುಂಚಿನ, 'ಎಂವೈ' ಅಕ್ಷರಗಳಿಂದ ಆರಂಭವಾಗುವ ನಂಬರುಗಳಿಗೆ ಆಸಕ್ತರಲ್ಲಿ ವಿಶೇಷ ಮೋಹ. ಆ ಎರಡಕ್ಷರದಲ್ಲಿ ಹಳೆಯ ಮೈಸೂರು ರಾಜ್ಯದ ನೆನಪಿದೆ.

ಮೂರನೆಯದು ಇಂಧನ. 2000ದಲ್ಲಿ ದೇಶದಾದ್ಯಂತ ಸೀಸ ಬೆರೆತ ಪೆಟ್ರೋಲ್ ನಿಂತಿತು. ಆರೋಗ್ಯಕ್ಕೆ ಅದು ಒಳ್ಳೆಯದೇ ಆಯಿತು. ಆದರೆ ಹಳೆಯ ಎಂಜಿನುಗಳಲ್ಲಿ ವಾಲ್ವ್ ಕೂರುವ ಜಾಗ ಸವೆಯದಂತೆ ಕಾಪಾಡುತ್ತಿದ್ದುದು ಆ ಸೀಸವೇ. ಅಲ್ಲಿಗೆ ಗಟ್ಟಿ ಲೋಹದ ಉಂಗುರ ಕೂರಿಸುವ ಕೆಲಸ ಲೇತಿನವರ ಪಾಲಿಗೆ ಬಂತು. ಈಗ ಪೆಟ್ರೋಲಿಗೆ ಶೇಕಡ 20ರಷ್ಟು ಎಥನಾಲ್ ಸೇರುತ್ತಿದೆ. ಹಳೆಯ ರಬ್ಬರ್ ಪೈಪು, ಕಾರ್ಬುರೇಟರಿನ ವಾಷರುಗಳು ಅದನ್ನು ತಾಳುವುದಿಲ್ಲ. ಇದಕ್ಕೂ ಮದ್ದು ಹುಡುಕುತ್ತಿರುವುದು ಅದೇ ಗ್ಯಾರೇಜುಗಳು.

ಉಳಿದದ್ದು ನಿತ್ಯದ ಆರೈಕೆ. ಕಿಂಗ್‌ಪಿನ್ನಿಗೆ ಸಕಾಲಕ್ಕೆ ಗ್ರೀಸ್, ಡಿಸ್ಟ್ರಿಬ್ಯೂಟರಿನ ಪಾಯಿಂಟ್ ಶುಚಿ, ರೇಡಿಯೇಟರಿಗೆ ನೀರು. ಎಲ್ಲಕ್ಕಿಂತ ಮುಖ್ಯವಾಗಿ ವಾರಕ್ಕೊಮ್ಮೆಯಾದರೂ ಓಡಿಸಬೇಕು. ನಿಂತ ಕಾರು ಓಡುವ ಕಾರಿಗಿಂತ ಬೇಗ ಹಾಳಾಗುತ್ತದೆ.

ಆಸಕ್ತರಲ್ಲಿ ಒಂದು ಹಳೆಯ ಜಗಳವೂ ಇದೆ. ಕಾರ್ಖಾನೆಯಿಂದ ಬಂದಂತೆಯೇ ಕಾರು ಇರಬೇಕು, ಒಂದು ಸ್ಕ್ರೂ ಕೂಡ ಬದಲಾಗಬಾರದು ಎನ್ನುವವರು ಒಂದು ಕಡೆ. ಓಡದ ಕಾರಿನಿಂದ ಏನು ಪ್ರಯೋಜನ, ಹೊಸ ಬ್ರೇಕ್ ಹಾಕಿಸಿ, ಬೇರೆ ಎಂಜಿನ್ ಬೇಕಾದರೆ ಕೂರಿಸಿ, ಬಳಸಿ ಎನ್ನುವವರು ಇನ್ನೊಂದು ಕಡೆ. ಎರಡರಲ್ಲೂ ಪ್ರೀತಿ ಇದೆ. ಆದರೆ ಕಾನೂನು ಮೊದಲನೆಯವರ ಪರ ನಿಂತಿದೆ.

ಪರಂಪರೆಯೋ, ಗುಜರಿಯೋ?

2021ರ ಜುಲೈಯಲ್ಲಿ ಕೇಂದ್ರ ಸರಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಖಾಸಗಿ ವಾಹನಕ್ಕೆ ಈ ಮಾನ್ಯತೆ. ಹೊಸದಾಗಿ ನೋಂದಾಯಿಸಿದರೆ 'ವಿಎ' ಅಕ್ಷರಗಳಿರುವ ನಂಬರ್, ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಈಗಾಗಲೇ ನೋಂದಣಿ ಇರುವವರು ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು. ನಿತ್ಯದ ಓಡಾಟಕ್ಕೂ ಬಾಡಿಗೆಗೂ ಬಳಸುವಂತಿಲ್ಲ. ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು.

ಪರಂಪರೆ ಉಳಿಯಲಿ ಎಂಬ ಉದ್ದೇಶವನ್ನು ನಾವು ಸ್ವಾಗತಿಸುತ್ತೇವೆ. ಆದರೆ ಈ ನಿಯಮದಲ್ಲಿ ಯಾರ ಕಾರು ಹೊರಗುಳಿಯುತ್ತದೆ ಎಂಬುದನ್ನೂ ನೋಡಬೇಕು. ಷೆಡ್ಡಿನಲ್ಲಿ ಹೊದಿಕೆ ಹಾಕಿ ಇಟ್ಟ ಕಾರು ಮೂಲರೂಪದಲ್ಲಿ ಉಳಿಯುವುದು ಸುಲಭ. ದುಡಿದು ತಿನ್ನುವವನ ಕಾರು ಹಾಗಿರಲು ಸಾಧ್ಯವಿಲ್ಲ. ಪೆಟ್ರೋಲ್ ದುಬಾರಿಯಾದಾಗ ಎಂಜಿನ್ ತೆಗೆಸಿ ಡೀಸೆಲ್ ಎಂಜಿನ್ ಕೂರಿಸಿಕೊಂಡ ಅಂಬಾಸಿಡರ್‌ಗಳು ಎಷ್ಟೋ ಇದ್ದವು. ಆ ಬದಲಾವಣೆಯಿಂದಲೇ ಅವು ಬದುಕಿದವು, ಅದರಿಂದಲೇ ಈಗ ಪರಂಪರೆಯ ಪಟ್ಟಿಯಿಂದ ಹೊರಗೆ. 50 ವರ್ಷ ತುಂಬುವ ತನಕದ ದಾರಿಯೂ ಸುಲಭದ್ದಲ್ಲ. 15 ವರ್ಷ ದಾಟಿದ ಖಾಸಗಿ ಕಾರಿನ ಮರುನೋಂದಣಿ ಶುಲ್ಕ 2022ರ ಏಪ್ರಿಲಿನಿಂದ 600 ರೂಪಾಯಿಯಿಂದ 5,000ಕ್ಕೆ ಏರಿತು. 2025ರಲ್ಲಿ 20 ವರ್ಷ ದಾಟಿದವಕ್ಕೆ ಅದು 10,000 ರೂಪಾಯಿಯಾಯಿತು.

ಹೊಗೆಯ ಪ್ರಶ್ನೆಯನ್ನು ನಾವು ಅಲ್ಲಗಳೆಯುತ್ತಿಲ್ಲ. ಮಕ್ಕಳ ಶ್ವಾಸಕೋಶಕ್ಕಿಂತ ಯಾವ ಕಾರೂ ದೊಡ್ಡದಲ್ಲ. ದಿನವಿಡೀ ಓಡುವ ಹಳೆಯ ಟ್ಯಾಕ್ಸಿಗೆ ವಯಸ್ಸಿನ ಮಿತಿ ಬೇಕೇ ಬೇಕು. ನಮ್ಮ ಪ್ರಶ್ನೆ ನೆನಪಿನದು. ಮುಂಬಯಿಯ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳಲ್ಲಿ ಕೊನೆಯದು ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. 20 ವರ್ಷಗಳ ಮಿತಿ ಮುಗಿದು 2023ರ ಅಕ್ಟೋಬರ್ 30ರಿಂದ ಅವು ರಸ್ತೆಯಿಂದ ಮರೆಯಾದವು. ಒಂದೇ ಒಂದು ಟ್ಯಾಕ್ಸಿಯನ್ನಾದರೂ ಸ್ಮಾರಕವಾಗಿ ಉಳಿಸಿ ಎಂದು ಟ್ಯಾಕ್ಸಿ ಚಾಲಕರ ಸಂಘ ಸರಕಾರಕ್ಕೆ ಮಾಡಿದ್ದ ಮನವಿಗೆ ಆಗ ಫಲ ಸಿಕ್ಕಿರಲಿಲ್ಲ. ರಾಜರ ಕಾರಿಗೆ ಸಂಗ್ರಹಾಲಯ ಇದೆ, ಲಕ್ಷಾಂತರ ಜನರನ್ನು ಮನೆ ಮುಟ್ಟಿಸಿದ ಕಾರಿಗೆ ಗುಜರಿಯೇ ಗತಿ ಎಂದಾದರೆ ನಾವು ಪರಂಪರೆ ಎಂದು ಕರೆಯುತ್ತಿರುವುದು ಏನನ್ನು?

ಹಳೆಯ ಕಾರುಗಳನ್ನು ಪ್ರೀತಿಸುವವರಲ್ಲಿ ನಮ್ಮದೊಂದು ವಿನಂತಿ ಇದೆ. ಮುಂದಿನ ಪ್ರದರ್ಶನದಲ್ಲಿ ಆ ಫಲಕದ ಮೇಲೆ ಇನ್ನೊಂದು ಸಾಲು ಸೇರಿಸಿ, ಕಾರನ್ನು ದುರಸ್ತಿ ಮಾಡಿದವನ ಹೆಸರು ಬರೆಯಿರಿ. ಕಾರುಗಳನ್ನು ಕಾಪಾಡುವ ಸಂಗ್ರಹಾಲಯಗಳು ವಯಸ್ಸಾದ ಉಸ್ತಾದರನ್ನು ಕರೆಸಿ ಅವರ ಮಾತನ್ನು, ಕೈಕೆಲಸವನ್ನು ದಾಖಲಿಸಿಕೊಳ್ಳಲಿ. ಐಟಿಐಯ ಹುಡುಗರು ಕೆಲವು ದಿನ ಅವರ ಬಳಿ ಕುಳಿತು ಕಲಿಯುವಂತಾಗಲಿ. ಕಾರಿನ ತಗಡನ್ನು ಹಣ ಕೊಟ್ಟು ಮತ್ತೆ ಮಾಡಿಸಬಹುದು. ಸದ್ದು ಕೇಳಿ ರೋಗ ಹೇಳುವ ಕಿವಿ ಆ ಮನುಷ್ಯನ ಜೊತೆಗೇ ಹೊರಟುಹೋಗುತ್ತದೆ.